‘ಹಳೇ ವೈಷಮ್ಯ’ದ ಒಳಗಿನ ಕತೆ: ಸಾವು, ಸೇಡು, ಬಂದೂಕಿನ ಬಗ್ಗೆ ಹದಿಹರೆಯದವರಿಗಾಗಿ ಬರೆಯುವ ಬಗೆ

ಬೆಳಗಿನ ಪತ್ರಿಕೆಯ ಹುಬ್ಬಳ್ಳಿ ಪುಟದಲ್ಲಿ ಆಗಾಗ ಹತ್ತು ಸಾಲಿನ ಸುದ್ದಿಯೊಂದು ಬರುತ್ತದೆ. ಇಂಥ ಓಣಿಯಲ್ಲಿ ಇಷ್ಟು ವಯಸ್ಸಿನ ಯುವಕನ ಮೇಲೆ ಹಲ್ಲೆ ನಡೆಯಿತು, ಕಿಮ್ಸ್ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿ ಮೃತಪಟ್ಟ, ‘ಹಳೇ ವೈಷಮ್ಯವೇ ಕಾರಣ ಎಂದು ತಿಳಿದುಬಂದಿದೆ’. ವರದಿಗಾರನಿಗೆ ಇರುವ ಜಾಗ ಅಷ್ಟೇ ಆದ್ದರಿಂದ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಸತ್ತವನಿಗೆ ಹದಿನಾರು ವರ್ಷದ ತಮ್ಮನೊಬ್ಬನಿದ್ದರೆ ಅವನ ಪಾಲಿನ ವೈಷಮ್ಯ ಹುಟ್ಟುವುದೇ ಆ ದಿನ. ಆ ತಮ್ಮನ ಕತೆಯನ್ನು ಅವನದೇ ವಯಸ್ಸಿನ ಓದುಗರಿಗಾಗಿ ಬರೆಯಬೇಕೆಂದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಯಾರಾದರೂ ಕೂತರೆ ಏನೇನನ್ನು ಗಮನದಲ್ಲಿಟ್ಟುಕೊಳ್ಳಬೇಕು ಎನ್ನುವುದನ್ನು, ಬೇಸಿಗೆಯ ಕಥಾ ಕಮ್ಮಟಗಳಲ್ಲಿ ಮಕ್ಕಳ ಜೊತೆ ಕೂತು ತಿದ್ದಿ, ತಿದ್ದಿಸಿಕೊಂಡು ಕಲಿತ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಮೊದಲು ಓದುಗರನ್ನು ಗುರುತಿಸಿಕೊಳ್ಳಬೇಕು. ಎಂಟನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಹುಡುಗ ಹುಡುಗಿಯರು ಸಿನಿಮಾದಲ್ಲಿ, ಮೊಬೈಲಿನ ಆಟಗಳಲ್ಲಿ ಸಾವಿರಾರು ಗುಂಡು ಹಾರಿದ್ದನ್ನು ನೋಡಿದ್ದಾರೆ. ನಿಜವಾದ ಬಂದೂಕನ್ನು ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿರುವುದಿಲ್ಲ. ಆದರೆ ಸಾವಾದ ಮನೆಯನ್ನು ಅವರು ಕಂಡಿದ್ದಾರೆ. ಅಜ್ಜನ ಮಣ್ಣಿಗೆ ಹೋಗಿದ್ದಾರೆ, ಓಣಿಯಲ್ಲಿ ಶಾಮಿಯಾನ ಹಾಕಿದ್ದನ್ನು ನೋಡಿ ಮದುವೆಯೋ ಸಾವೋ ಎಂದು ದೂರದಿಂದಲೇ ಲೆಕ್ಕ ಹಾಕಿದ್ದಾರೆ. ಆದ್ದರಿಂದ ಕತೆಯನ್ನು ಬಂದೂಕಿನಿಂದ ಆರಂಭಿಸಬೇಡಿ, ಮನೆಯಿಂದ ಆರಂಭಿಸಿ. ಬಂದೂಕಿನಿಂದ ಆರಂಭವಾದ ಕತೆಯಲ್ಲಿ ಅಣ್ಣನ ಸಾವು ಬರೀ ನೆಪವಾಗಿಬಿಡುತ್ತದೆ. ಕಮ್ಮಟಕ್ಕೆ ಬರುವ ಕತೆಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಸಾವಿನ ಮನೆಯನ್ನು ಬರೆಯುವಾಗ ನಮ್ಮ ಕಡೆಯ ಮಾತುಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಅಂತ್ಯಕ್ರಿಯೆಗೆ ಹೋಗುವುದು ನಮಗೆ ‘ಮಣ್ಣಿಗೆ ಹೋಗುವುದು’; ಆಮೇಲೆ ಮನೆಯವರನ್ನು ಕಂಡುಬರುವುದು ‘ಮಾತಾಡಿಸಿ ಬರುವುದು’, ಅಲ್ಲಿ ಯಾರೂ ಹೆಚ್ಚು ಮಾತಾಡದಿದ್ದರೂ. ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಾದ್ದರಿಂದ ಬೀಗರು, ನೆರೆಹೊರೆಯವರು ಬುತ್ತಿ ತರುತ್ತಾರೆ. ಒಳಗೆ ಹೆಂಗಸರು ಸತ್ತವನ ಒಂದೊಂದು ಗುಣ ಹೇಳಿಕೊಂಡು ದನಿ ತೆಗೆದು ಅಳುತ್ತಿರುತ್ತಾರೆ. ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಕೂತ ಗಂಡಸರು ಮಳೆಯನ್ನೂ ಹೆಸರುಕಾಳಿನ ದರವನ್ನೂ ಮಾತಾಡುತ್ತಿರುತ್ತಾರೆ. ಹದಿನಾರರ ಹುಡುಗ ಈ ಎರಡರ ನಡುವೆ, ಬಾಗಿಲ ಹೊಸ್ತಿಲಲ್ಲಿ, ಚಹಾದ ಪ್ಲಾಸ್ಟಿಕ್ ಲೋಟಗಳನ್ನು ಹಿಡಿದು ನಿಂತಿರುತ್ತಾನೆ. ಒಳಗೆ ಹೋಗಿ ಅಳುವ ವಯಸ್ಸು ದಾಟಿದೆ, ಹೊರಗೆ ಕೂತು ದರ ಮಾತಾಡುವ ವಯಸ್ಸು ಬಂದಿಲ್ಲ. ಆಗ ಯಾರೋ ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟು, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ: “ಅಳಬಾರದಪಾ. ಇನ್ನ ಮನಿ ನಿನ್ನ ಮ್ಯಾಲ ಐತಿ.” ನನ್ನ ಅಭಿಪ್ರಾಯದಲ್ಲಿ ಸೇಡಿನ ಕತೆ ಆರಂಭವಾಗುವುದು ಈ ವಾಕ್ಯದಿಂದ. ಅಳು ನಿಷೇಧವಾದ ಹುಡುಗನಿಗೆ ಸಿಟ್ಟಿಗೆ ಮಾತ್ರ ಅನುಮತಿ ಸಿಗುತ್ತದೆ, ಏಕೆಂದರೆ ಸಿಟ್ಟು ಗಂಡಸುತನಕ್ಕೆ ಒಪ್ಪುತ್ತದೆ ಎಂದು ಅಲ್ಲಿರುವ ಎಲ್ಲರೂ ನಂಬಿರುತ್ತಾರೆ.

ವಿಧಿಗಳನ್ನು ಬರೆಯುವಾಗ ಯಾವ ಸಮುದಾಯದ ಮನೆ ಎನ್ನುವುದನ್ನು ಮೊದಲೇ ನಿರ್ಧರಿಸಿ, ಆ ಮನೆಯವರನ್ನು ಕೇಳಿಯೇ ಬರೆಯಿರಿ. ಲಿಂಗಾಯತರಲ್ಲಿ ಶವವನ್ನು ಕೂಡಿಸಿ ವಿಭೂತಿಯೊಂದಿಗೆ ಸಮಾಧಿ ಮಾಡುವ ಪದ್ಧತಿಯಿದೆ. ಆ ಹುಡುಗನ ಕೈಯಲ್ಲಿ ಚಿತೆಗೆ ಬೆಂಕಿ ಕೊಡಿಸಿದರೆ ಗದಗಿನ ಓದುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ. ನಮ್ಮ ಹಳ್ಳಿಗಳ ಮೊಹರಮ್ಮಿನಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಕರ್ಬಲಾ ಯುದ್ಧದಲ್ಲಿ ಮಡಿದವರ ರಿವಾಯತ ಪದಗಳನ್ನು ಹಾಡುತ್ತಾರೆ. ಮನೆಯಲ್ಲಿ ಅಳಲಾಗದವನು ಅಂಥ ಗುಂಪಿನಲ್ಲಿ ನಿಂತು, ಯಾರದೋ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಸಾವಿಗೆ ಕಣ್ಣೀರು ಹಾಕಬಹುದು. ಇಂಥದ್ದು ಊರಲ್ಲಿಯೇ ಇರುವಾಗ ಹೊರಗಿನಿಂದ ಆಪ್ತಸಲಹೆಗಾರನ ಪಾತ್ರವೊಂದನ್ನು ತಂದು ಅವನಿಂದ ನಾಲ್ಕು ಪುಟ ಬುದ್ಧಿ ಹೇಳಿಸುವ ಅಗತ್ಯ ಬೀಳುವುದಿಲ್ಲ.

ದುಃಖಕ್ಕೊಂದು ವಸ್ತು ಬೇಕು. ‘ಅವನ ಎದೆ ಒಡೆದುಹೋಯಿತು’ ಎಂದು ಬರೆದರೆ ಹದಿನೈದರ ಓದುಗಳಿಗೆ ಏನೂ ಕಾಣುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಅಣ್ಣ ಸಾಯುವಾಗ ಓಡಿಸುತ್ತಿದ್ದ ಬೈಕನ್ನು ಪೊಲೀಸರು ಮುದ್ದೆಮಾಲಾಗಿ, ಅಂದರೆ ಕೇಸಿನ ಸಾಕ್ಷ್ಯವಾಗಿ, ಠಾಣೆಗೆ ಒಯ್ದಿರುತ್ತಾರೆ. ಠಾಣೆಯ ಕಂಪೌಂಡಿನಲ್ಲಿ ಇತರ ಗಾಡಿಗಳ ಸಾಲಿನಲ್ಲಿ, ನಂಬರ್ ಪ್ಲೇಟಿನ ಮೇಲೆ ಸುಣ್ಣದಲ್ಲಿ ಬರೆದ ಕೇಸಿನ ಸಂಖ್ಯೆಯೊಂದಿಗೆ ಅದು ನಿಂತಿರುತ್ತದೆ. ಹುಡುಗ ದಿನಾ ಕಾಲೇಜಿಗೆ ಹೋಗುವ ಬಸ್ಸು ಆ ಕಂಪೌಂಡಿನ ಪಕ್ಕದಲ್ಲೇ ಹಾಯುತ್ತದೆ. ಮೊದಲ ವಾರ ಸೀಟಿನ ಮೇಲೆ ಧೂಳು. ಎರಡನೆಯ ವಾರ ಮುಂದಿನ ಗಾಲಿಯ ಗಾಳಿ ಇಳಿದಿದೆ. ಮೂರನೆಯ ವಾರ ಯಾರೋ ಕನ್ನಡಿ ಬಿಚ್ಚಿಕೊಂಡು ಹೋಗಿದ್ದಾರೆ. ಮುಂಗಾರು ಬಂದ ಮೇಲೆ ಚೈನಿಗೆ ತುಕ್ಕು. ಅಣ್ಣ ಪ್ರತಿ ಅಮವಾಸ್ಯೆಗೆ ಆ ಗಾಡಿಗೆ ನಿಂಬೆಹಣ್ಣು ಕಟ್ಟುತ್ತಿದ್ದ. ಒಣಗಿದ ಆ ನಿಂಬೆಹಣ್ಣು ಇನ್ನೂ ಹ್ಯಾಂಡಲಿನಲ್ಲಿ ತೂಗುತ್ತಿದೆ. ಬಸ್ಸಿನ ಯಾವ ಬದಿಗೆ ಕೂತರೆ ಅದು ಕಾಣುವುದಿಲ್ಲ ಎನ್ನುವುದನ್ನು ಹುಡುಗ ಕಂಡುಕೊಳ್ಳುತ್ತಾನೆ, ಆದರೂ ಕಾಣುವ ಬದಿಗೇ ಕೂರುತ್ತಾನೆ. ಇಷ್ಟು ಬರೆದ ಮೇಲೆ ‘ದುಃಖ’ ಎನ್ನುವ ಪದವನ್ನು ಆ ಅಧ್ಯಾಯದಿಂದ ಪೂರ್ತಿ ತೆಗೆದುಹಾಕಬಹುದು.

ದುಃಖಕ್ಕೆ ಐದು ಹಂತಗಳಿವೆ ಎನ್ನುವ ಮಾತನ್ನು ನೆಚ್ಚಿಕೊಂಡು ಅಧ್ಯಾಯಗಳನ್ನು ಹಂಚುವವರೂ ಇದ್ದಾರೆ. ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಹತ್ತಿರ ಬಂದ ರೋಗಿಗಳನ್ನು ಕುರಿತು; ಉಳಿದವರ ಶೋಕಕ್ಕೆ ಅವನ್ನು ಮೆಟ್ಟಿಲುಗಳಂತೆ ಹೊಂದಿಸಿದ್ದು ಆಮೇಲಿನ ಬಳಕೆ. ಕತೆಗಾರರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 1999ರಲ್ಲಿ ಮಾರ್ಗರೆಟ್ ಸ್ಟ್ರೂಬ ಮತ್ತು ಹೆಂಕ್ ಶೂಟ್ ಮುಂದಿಟ್ಟ ವಿಚಾರ: ಶೋಕದಲ್ಲಿರುವವರು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಇನ್ನೊಮ್ಮೆ ಮುಂದಿನ ಬದುಕಿನ ಕಡೆಗೆ ಓಲಾಡುತ್ತಾ ಇರುತ್ತಾರೆ. ಹದಿಹರೆಯದಲ್ಲಿ ಈ ಓಲಾಟ ಬಹಳ ಚುರುಕು. ಮೂರನೆಯ ದಿನ ಗೆಳೆಯನ ಮಾತಿಗೆ ಹುಡುಗ ಜೋರಾಗಿ ನಕ್ಕುಬಿಡಬಹುದು, ನಕ್ಕಿದ್ದಕ್ಕೆ ರಾತ್ರಿಯೆಲ್ಲ ತನ್ನನ್ನೇ ಶಪಿಸಿಕೊಳ್ಳಬಹುದು. ಆ ನಗುವನ್ನು ಕತೆಯಿಂದ ಕೈಬಿಡಬೇಡಿ. ಅಣ್ಣನನ್ನು ಮರೆತೆನೇನೋ ಎನ್ನುವ ಅಪರಾಧಿ ಭಾವದಿಂದಲೇ ಎಷ್ಟೋ ಹುಡುಗರು ಸೇಡಿನ ಆಣೆ ಹಾಕುತ್ತಾರೆ.

ಈಗ ಸೇಡಿನ ಮಾತು. ಕನ್ನಡದಲ್ಲಿ ‘ಮುಯ್ಯಿ’ ಎನ್ನುವ ಪದ ಇದೆ. ಮದುವೆಯಲ್ಲಿ ಕೊಟ್ಟ ಉಡುಗೊರೆಗೆ ತಿರುಗಿ ಕೊಡುವುದೂ ಮುಯ್ಯಿ, ಒಬ್ಬರ ಹೊಲದಲ್ಲಿ ದುಡಿದು ಅವರನ್ನು ತಮ್ಮ ಹೊಲಕ್ಕೆ ದುಡಿಸಿಕೊಳ್ಳುವ ಮುಯ್ಯಾಳೂ ಮುಯ್ಯಿ, ಹೊಡೆತಕ್ಕೆ ಹೊಡೆತ ಹಿಂತಿರುಗಿಸುವುದೂ ಮುಯ್ಯಿ. ಸೇಡು ಹುಚ್ಚಿನಿಂದ ಹುಟ್ಟುತ್ತದೆ ಎಂದು ಬರೆದರೆ ಓದುಗರಿಗೆ ಸುಲಭವಾಗುತ್ತದೆ, ಏಕೆಂದರೆ ತಾವು ಹುಚ್ಚರಲ್ಲ ಎಂದು ಅವರಿಗೆ ಗೊತ್ತು. ಸೇಡು ಲೆಕ್ಕದಿಂದ ಹುಟ್ಟುತ್ತದೆ ಎಂದು ತೋರಿಸಿದರೆ ಅವರು ತಪ್ಪಿಸಿಕೊಳ್ಳಲಾರರು. ಕಮ್ಮಟದಲ್ಲಿ ಒಬ್ಬ ಹುಡುಗಿ ಬರೆದ ಕತೆಯಲ್ಲಿ, ಮನೆಯಲ್ಲಿ ಅವ್ವ ಜೋಪಾನವಾಗಿಟ್ಟ ಮುಯ್ಯಿ ಬರೆದ ನೋಟ್‌ಬುಕ್ ಇತ್ತು: ಯಾವ ಬೀಗರು ಎಷ್ಟು ರೂಪಾಯಿ, ಯಾರು ಜಂಪರ್ ಪೀಸು, ಯಾರು ಸ್ಟೀಲಿನ ಡಬ್ಬಿ. ಅಣ್ಣನ ಮದುವೆಗೆಂದು ತೆಗೆದ ಹೊಸ ಪುಟ ಖಾಲಿಯಾಗಿಯೇ ಉಳಿದಿತ್ತು. ತಮ್ಮ ಆ ಪುಟದಲ್ಲಿ ಒಂದೇ ಒಂದು ಹೆಸರು ಬರೆದು, ಮುಂದೆ ಏನೂ ಬರೆಯದೆ ಮುಚ್ಚಿಟ್ಟ. ಸೇಡಿನ ಬಗ್ಗೆ ನಾನು ಓದಿದ ಪುಟಗಳಲ್ಲಿ ಅದು ಬಹಳ ಕಾಲ ಕಾಡಿದ್ದು, ಅದರಲ್ಲಿ ಒಂದು ತೊಟ್ಟು ರಕ್ತವೂ ಇರಲಿಲ್ಲ.

ಬಂದೂಕು ಬರುವುದು ಇದೆಲ್ಲ ಆದ ಮೇಲೆ. ಇಂಗ್ಲಿಷಿನಲ್ಲಿ ಈ ಬಗೆಯ ಹದಿಹರೆಯದ ಕಾದಂಬರಿಗಳು ಅಮೆರಿಕದಲ್ಲಿ ಹೆಚ್ಚಾಗಿ ಬಂದಿರುವುದಕ್ಕೆ ಅಲ್ಲಿನ ಬದುಕೇ ಕಾರಣ. ಆ ದೇಶದಲ್ಲಿ 2020ರಲ್ಲಿ 1ರಿಂದ 19 ವರ್ಷದೊಳಗಿನವರ ಸಾವಿನ ಕಾರಣಗಳಲ್ಲಿ ಬಂದೂಕು ವಾಹನ ಅಪಘಾತವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿಯ ಕತೆಯಲ್ಲಿ ಹುಡುಗ ಮನೆಯ ಕಪಾಟು ತೆರೆದರೆ ಪಿಸ್ತೂಲು ಸಿಗುವುದು ಸಹಜ. ಅದೇ ಕಪಾಟನ್ನು ತಂದು ಹಳೇ ಹುಬ್ಬಳ್ಳಿಯ ಮನೆಯಲ್ಲಿಟ್ಟರೆ ಕತೆ ಸುಳ್ಳಾಗುತ್ತದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ತರಬೇತಿಯಂಥ ಸಂದರ್ಭ ಬಿಟ್ಟರೆ 21 ವರ್ಷ ತುಂಬದವರಿಗೆ ಪರವಾನಗಿಯಿಲ್ಲ, 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಗೆಂದು ನಮ್ಮ ಊರು ಗುಂಡಿನ ಸದ್ದು ಕೇಳದ ಊರೇನಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅದು ವೈಯಕ್ತಿಕ ಸೇಡಿನ ಕತೆಯಲ್ಲ, ಅದನ್ನು ಕಥಾವಸ್ತುವಾಗಿ ಎರವಲು ಪಡೆಯುವುದೂ ಸರಿಯಲ್ಲ. ಆದರೆ ಬಾಗಿಲಿಗೆ ಬಂದವರನ್ನು ನಂಬುವ ಊರಿನ ರೂಢಿ ಒಂದು ಬೆಳಿಗ್ಗೆಯಲ್ಲಿ ಹೇಗೆ ಬದಲಾಗುತ್ತದೆ ಎನ್ನುವುದನ್ನು ಧಾರವಾಡದ ಬರಹಗಾರರು ಕೇಳಿ ತಿಳಿಯಬೇಕಾಗಿಲ್ಲ.

ಹಾಗಾದರೆ ಹುಡುಗನ ಕೈಗೆ ಬಂದೂಕು ಎಲ್ಲಿಂದ ಬರಬೇಕು? ನಾಡ ಪಿಸ್ತೂಲಿನ ದಾರಿ ಹಿಡಿದರೆ ಒಂದು ಎಚ್ಚರ ಬೇಕು: ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು, ಎಷ್ಟು ಕೊಡಬೇಕು ಎನ್ನುವುದನ್ನು ಕತೆ ಕಲಿಸಬಾರದು. ಓದುಗರಿಗೆ ಬೇಕಾದದ್ದು ವಿಳಾಸವಲ್ಲ. ಬಂದೂಕು ಕೊಟ್ಟವನಿಗೆ ಹುಡುಗ ಏನಾಗಿ ಉಳಿದ, ಯಾವ ಋಣಕ್ಕೆ ಬಿದ್ದ ಎನ್ನುವ ಸಂಗತಿ. ಅಲ್ಲಿಯೂ ಮುಯ್ಯಿಯೇ ಇದೆ. ನನಗೆ ಇನ್ನೂ ಹೆಚ್ಚು ಸಹಜವಾಗಿ ಕಾಣುವುದು ಹಾವೇರಿ, ಹಾನಗಲ್ಲ ಕಡೆಯ ಹೊಲಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಅಜ್ಜನ ಒಂಟಿ ನಳಿಗೆಯ ಬಂದೂಕು. ಗೋವಿನಜೋಳ ಹಾಲುಗಾಳಾದಾಗ ಹಂದಿ ನುಗ್ಗುತ್ತವೆ. ರಾತ್ರಿ ಅಟ್ಟಣಿಗೆಯ ಮೇಲೆ ಅಜ್ಜನ ಜೊತೆ ಮೊಮ್ಮಗ ಕಾಯಲು ಕೂರುತ್ತಾನೆ. ಅಜ್ಜ ಬಂದೂಕನ್ನು ಎಂದೂ ಹಂದಿಗೆ ಗುರಿಯಿಟ್ಟಿರುವುದಿಲ್ಲ, ಆಕಾಶಕ್ಕೆ ಒಂದು ಸದ್ದು ಮಾಡಿ, “ಹೋದ್ವು ನೋಡು, ಇನ್ನ ಮಕ್ಕೋ” ಎನ್ನುತ್ತಾನೆ. ಹೀಗೆ ಬಂದೂಕು ಮೊದಲು ಹೆದರಿಸಿ ಕಳಿಸುವ ವಸ್ತುವಾಗಿ, ಅಜ್ಜನ ಕಂಬಳಿಯ ವಾಸನೆಯೊಂದಿಗೆ ಕತೆಯೊಳಗೆ ಬರಲಿ. ಅದೇ ವಸ್ತುವಿನ ಮೇಲೆ ಹುಡುಗನ ಕಣ್ಣು ಬೇರೆ ರೀತಿ ಬಿದ್ದ ದಿನ ಓದುಗರಿಗೆ ಯಾರೂ ಹೇಳದೆಯೇ ಮೈ ಜುಮ್ಮೆನ್ನುತ್ತದೆ. ಕಥೆಗಾರರಿಗೆ ಇನ್ನೊಂದು ಅನುಕೂಲವೂ ಇದೆ. ಚುನಾವಣೆ ಘೋಷಣೆಯಾದ ಮೇಲೆ ಪರವಾನಗಿ ಇರುವವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುವುದುಂಟು. ಹುಡುಗ ನಿರ್ಧಾರ ಮಾಡಿಕೊಂಡು ಊರಿಗೆ ಬಂದಾಗ ಗೋಡೆಯ ಮೊಳೆಯಲ್ಲಿ ಬಂದೂಕು ಇಲ್ಲ, ಅದು ಅಣ್ಣನ ಬೈಕಿನಂತೆಯೇ ಠಾಣೆಯಲ್ಲಿದೆ. ಮರಳಿ ಬರುವವರೆಗೆ ಅವನು ಕಾಯಬೇಕು. ಆ ಕಾಯುವ ವಾರಗಳಲ್ಲಿಯೇ ನಿಮ್ಮ ಕಾದಂಬರಿ ನಡೆಯಬಹುದು.

ಈ ಮಾತನ್ನು ಸ್ವಲ್ಪ ವಿಸ್ತರಿಸುತ್ತೇನೆ. ಸಿನಿಮಾದಲ್ಲಿ ಅಣ್ಣ ಸತ್ತ ದೃಶ್ಯದಿಂದ ತಮ್ಮ ಬಂದೂಕು ಹಿಡಿದ ದೃಶ್ಯಕ್ಕೆ ಒಂದು ಹಾಡಿನಷ್ಟು ಅಂತರ. ಬರಹದಲ್ಲಿ ನಿಮ್ಮ ಬಳಿ ಇರುವ ದೊಡ್ಡ ಸಾಧನ ಆ ಅಂತರವನ್ನು ಹಿಗ್ಗಿಸುವುದು. ನಡುವೆ ಕಿರುಪರೀಕ್ಷೆ ಬರಲಿ, ರೇಷನ್ ಕಾರ್ಡಿನಿಂದ ಅಣ್ಣನ ಹೆಸರು ತೆಗೆಸಲು ಸಾಲಿನಲ್ಲಿ ನಿಲ್ಲುವುದು ಬರಲಿ, ಅಣ್ಣನ ಗೆಳೆಯರು ಮೊದಲ ವಾರ ದಿನಾ ಬಂದವರು ಎರಡನೆಯ ತಿಂಗಳು ರಸ್ತೆಯಲ್ಲಿ ಕಂಡೂ ಕಾಣದಂತೆ ಹೋಗುವುದು ಬರಲಿ. ಹಾಳೆಯ ಮೇಲೆ ದಿನಗಳ ಪಟ್ಟಿ ಬರೆದುಕೊಳ್ಳಿ. ಮಣ್ಣಾದ ದಿನ ಒಂದು. ಅಲ್ಲಿಂದ ಮುಂದೆ ಯಾವ ದಿನ ಅವ್ವ ಮತ್ತೆ ಒಲೆ ಹಚ್ಚಿದಳು, ಯಾವ ದಿನ ಹುಡುಗ ಅಣ್ಣನ ಅಂಗಿ ಹಾಕಿಕೊಂಡ, ಯಾವ ದಿನ ಎದುರಾಳಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದ ಎಂದು ಗುರುತು ಹಾಕಿ. ಹದಿನೈದು ಗುರುತುಗಳಿಗಿಂತ ಕಡಿಮೆ ಇದ್ದರೆ ಕತೆ ಇನ್ನೂ ಬಲಿತಿಲ್ಲ.

ಮಾತುಕತೆಯನ್ನು ಮನೆಯ ಮಾತಿನಲ್ಲೇ ಬರೆಯಿರಿ, ನಿರೂಪಣೆ ಗ್ರಂಥಭಾಷೆಯಲ್ಲಿದ್ದರೂ ತೊಂದರೆಯಿಲ್ಲ. ‘ಅಮ್ಮಾ, ಅಣ್ಣನ ರಕ್ತಕ್ಕೆ ಬೆಲೆ ಕಟ್ಟುವವರೆಗೆ ನಾನು ನಿದ್ರಿಸಲಾರೆ’ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದ. ಅವನ ಮನೆಯಲ್ಲಿ ಹೀಗೆ ಯಾರಾದರೂ ಮಾತಾಡುತ್ತಾರೆಯೇ ಎಂದು ಕೇಳಿದಾಗ ಅವನೇ ನಕ್ಕ. ಎರಡನೆಯ ಸಲ ಬರೆದದ್ದು ಹೀಗಿತ್ತು:

“ಯಪ್ಪಾ, ಉಂಡಿ ಏನು?”
“ಹಸಿವಿಲ್ಲ ಬಿಡಬೇ.”
“ನಿಮ್ಮಣ್ಣಗ ಹಚ್ಚಿದ ರೊಟ್ಟಿ ಹಂಗ ಐತಿ. ದಿನಾ ಎರಡು ಜಾಸ್ತಿನ ಬಡೀತೇನಿ, ಕೈ ಕೇಳೂದಿಲ್ಲ.”
ಅವನು ಎದ್ದು ಬಂದು ಆ ಎರಡು ರೊಟ್ಟಿಗಳನ್ನೂ ತಿಂದ.

ಸೇಡಿನ ಸುದ್ದಿಯೇ ಇಲ್ಲದ ಈ ನಾಲ್ಕು ಸಾಲಿನಲ್ಲಿ ಹುಡುಗ ಅಣ್ಣನ ಜಾಗಕ್ಕೆ ಕೂತಾಗಿದೆ.

ಗುಂಡು ಹಾರಿಸಲೇಬೇಕೆಂದಿದ್ದರೆ ತಾಂತ್ರಿಕ ವಿವರ ತಪ್ಪಬಾರದು. ನಾನೊಮ್ಮೆ ರಿವಾಲ್ವರಿನಿಂದ ಖಾಲಿ ತೋಟಾ ಚಿಮ್ಮಿ ನೆಲದ ಮೇಲೆ ಉರುಳಿತು ಎಂದು ಬರೆದು, ಸೈನ್ಯದಿಂದ ನಿವೃತ್ತರಾದ ಓದುಗರೊಬ್ಬರಿಂದ ಹೇಳಿಸಿಕೊಂಡಿದ್ದೇನೆ: ಖಾಲಿ ತೋಟಾ ತಾನಾಗಿ ಹೊರಬೀಳುವುದು ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ, ರಿವಾಲ್ವರಿನಲ್ಲಿ ಅದು ಒಳಗೇ ಉಳಿಯುತ್ತದೆ. ಸದ್ದಿನ ವಿಷಯವೂ ಹಾಗೆಯೇ. ಹತ್ತಿರದಿಂದ ಕೇಳಿದವನಿಗೆ ಆಮೇಲೆ ಬಹಳ ಹೊತ್ತು ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಆದ್ದರಿಂದ ಹಾರಿಸಿದ ಕೂಡಲೇ ಪಾತ್ರಗಳಿಂದ ಉದ್ದುದ್ದ ಮಾತಾಡಿಸಬೇಡಿ. ಪಕ್ಕದ ಓಣಿಯವರು ಮದುವೆಯ ಪಟಾಕಿ ಎಂದುಕೊಂಡು ಊಟ ಮುಂದುವರಿಸುತ್ತಾರೆ. ಬಂದೂಕಿನ ಅಂದವನ್ನು, ಹೊಳಪನ್ನು, ಕಂಪನಿಯ ಹೆಸರನ್ನು ಬಣ್ಣಿಸುವ ವಾಕ್ಯ ಎಷ್ಟು ಚೆನ್ನಾಗಿದ್ದರೂ ಹೊಡೆದುಹಾಕಿ.

ಆಮೇಲಿನದೂ ಕತೆಯ ಭಾಗವೇ. 2024ರ ಜುಲೈ 1ರಿಂದೀಚೆಗೆ ನಡೆದ ಘಟನೆಯಾದರೆ ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ ‘302’ ಎಂದು ಬರೆಯುವಂತಿಲ್ಲ, ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಂ ಬರುತ್ತದೆ; ಹಳೆಯ ಹವಾಲ್ದಾರನೊಬ್ಬ ರೂಢಿಯಿಂದ ‘302’ ಎಂದರೆ ಅದು ಬೇರೆ ಮಾತು. ಹದಿನೆಂಟು ತುಂಬದವನನ್ನು ಸಾಮಾನ್ಯ ಲಾಕಪ್ಪಿಗೆ ಹಾಕುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುವ ಮಂಡಳಿಯ ಮುಂದೆ ಅವನನ್ನು ಹಾಜರುಪಡಿಸಬೇಕು. ಹದಿನಾರರಿಂದ ಹದಿನೆಂಟರ ನಡುವಿನವನು ಘೋರ ಅಪರಾಧ ಮಾಡಿದ್ದರೆ ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎನ್ನುವುದಕ್ಕೆ ಮಂಡಳಿ ಅವನ ಮಾನಸಿಕ, ದೈಹಿಕ ಸಾಮರ್ಥ್ಯವನ್ನೂ, ಪರಿಣಾಮ ತಿಳಿಯುವ ಶಕ್ತಿಯನ್ನೂ, ಕೃತ್ಯದ ಸಂದರ್ಭವನ್ನೂ ಪರಿಶೀಲಿಸುತ್ತದೆ. ‘ಇದರ ಪರಿಣಾಮ ನಿನಗೆ ಗೊತ್ತಿತ್ತೇ’ ಎನ್ನುವ ಆ ಪ್ರಶ್ನೆಗಿಂತ ಒಳ್ಳೆಯ ಅಧ್ಯಾಯ ಕತೆಗಾರರಿಗೆ ಬೇರೆಲ್ಲಿ ಸಿಕ್ಕೀತು?

ಎದುರಾಳಿಯ ಮನೆಯನ್ನು ಒಮ್ಮೆಯಾದರೂ ಓದುಗರಿಗೆ ತೋರಿಸಿ, ಆದರೆ ಅಲ್ಲಿಯೂ ಒಬ್ಬ ತಾಯಿ ಇದ್ದಾಳೆ ಎಂದು ಸಾರುವುದಕ್ಕಾಗಿ ಅಲ್ಲ. ಹುಡುಗ ಹೊಂಚು ಹಾಕಿ ನಿಂತಾಗ ಆ ಮನೆಯ ಕಟ್ಟೆಯ ಮೇಲೆ ಒಂದು ಮಗು ಸ್ಲೇಟಿನಲ್ಲಿ ಮಗ್ಗಿ ಬರೆಯುತ್ತಿದೆ, ಏಳೆಂಟಲ ಐವತ್ನಾಲ್ಕು ಎಂದು ತಪ್ಪು ಬರೆಯುತ್ತದೆ, ಅದನ್ನು ತಿದ್ದಬೇಕೆಂದು ಅವನ ನಾಲಿಗೆಯ ತುದಿಗೆ ಬರುತ್ತದೆ. ಅಷ್ಟು ಸಾಕು. ಮನಸ್ಸು ಬದಲಾಯಿತೋ ಇಲ್ಲವೋ ಎನ್ನುವುದನ್ನು ಮುಂದಿನ ಪುಟಕ್ಕೆ ಬಿಡಿ. ಬದಲಾದರೂ ಆ ಮಗುವಿನಿಂದಲೇ ಬದಲಾಯಿತು ಎಂದು ಬರೆಯಬೇಡಿ.

ಕರಡು ಮುಗಿದ ಮೇಲೆ ಅದನ್ನು ಆ ವಯಸ್ಸಿನ ಇಬ್ಬರು ಮೂವರಿಗೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಮೊಬೈಲ್ ಕೈಗೆತ್ತಿಕೊಂಡರು, ಎಲ್ಲಿ ಮುಖ ತಿರುಗಿಸಿದರು ಎನ್ನುವುದನ್ನು ಅಂಚಿನಲ್ಲಿ ಗುರುತಿಸಿ. ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಕೆಲ ವರ್ಷಗಳ ಹಿಂದೆ ಕಮ್ಮಟದ ಮೊದಲ ದಿನವೇ ‘ನಿಮ್ಮ ಮನೆಯಲ್ಲಾದ ಒಂದು ಸಾವಿನ ಬಗ್ಗೆ ಬರೆಯಿರಿ’ ಎಂದು ಅಭ್ಯಾಸ ಕೊಟ್ಟೆ. ಹಿಂದಿನ ಸಾಲಿನ ಹುಡುಗನೊಬ್ಬ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋದವನು ಸಂಜೆಯವರೆಗೂ ಬರಲಿಲ್ಲ. ಅಂದಿನಿಂದ ಆ ಅಭ್ಯಾಸವನ್ನು ಬಿಟ್ಟಿದ್ದೇನೆ. ‘ಸತ್ತವರು ಬಿಟ್ಟುಹೋದ ಒಂದು ವಸ್ತು’ ಎಂದು ಕೇಳುತ್ತೇನೆ, ಅದನ್ನೂ ಬೇಕಾದವರು ಮಾತ್ರ ಬರೆಯಲಿ ಎನ್ನುತ್ತೇನೆ. ಇಂಥ ಓದಿನ ದಿನ ಮಾತಾಡಲು ಒಬ್ಬ ದೊಡ್ಡವರು ಕೋಣೆಯ ಹೊರಗೆ ಇರುವಂತೆ ನೋಡಿಕೊಳ್ಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿಯ 1098 ಸಂಖ್ಯೆಗಳನ್ನು ಪುಸ್ತಕದ ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ. ಆ ಹುಡುಗ ಮರುದಿನ ಬೆಳಿಗ್ಗೆ ಬಂದು, ಹೆಸರು ಬರೆಯದ ಅರ್ಧ ಹಾಳೆಯೊಂದನ್ನು ನನ್ನ ಮೇಜಿನ ಮೇಲೆ ಮಡಚಿಟ್ಟು ಹೋಗಿದ್ದ. ಅದರಲ್ಲಿ ಅವನ ಅಪ್ಪನ ಚಪ್ಪಲಿಯ ಬಗ್ಗೆ ಏಳು ಸಾಲು ಇದ್ದವು, ಅದರಲ್ಲಿ ನಾನು ಒಂದು ಕಾಗುಣಿತವನ್ನೂ ತಿದ್ದಲಿಲ್ಲ.